ಬ್ಯಾಂಕ್ ನೇರವಾಗಿ ವಸೂಲಿ ಮಾಡಿದರೂ ಕ್ಯಾಲಿಫೋರ್ನಿಯಾ ಕಾನೂನು ಅನ್ವಯಿಸುತ್ತದೆ

ನಮಸ್ಕಾರ. ಕ್ರೆಡಿಟ್ ಕಾರ್ಡ್ ಬಾಕಿಗೆ ಏಜೆನ್ಸಿಯಲ್ಲ, ಬ್ಯಾಂಕಿನವರೇ ಕರೆ ಮಾಡ್ತಿದ್ದಾರೆ, ಹಾಗಾಗಿ ಕಾನೂನಿನ ರಕ್ಷಣೆ ಇಲ್ಲವಾ ಅಂತ ಕೇಳಿದ್ದೀರಿ. ಇದೆ, ಹೆದರಬೇಡಿ.

ಸಾಲ ವಸೂಲಿ ಬಗ್ಗೆ ಇಡೀ ಅಮೆರಿಕಕ್ಕೆ ಇರುವ 1977ರ ಫೆಡರಲ್ ಕಾನೂನು ಮುಖ್ಯವಾಗಿ ಬೇರೆಯವರ ಸಾಲ ವಸೂಲಿ ಮಾಡುವ ಏಜೆನ್ಸಿಗಳಿಗೆ. ಬ್ಯಾಂಕಿನವರಾದರೆ ರಕ್ಷಣೆ ಇಲ್ಲ ಅಂತ ನಿಮಗೆ ಅನ್ನಿಸಿದ್ದು ಇದರಿಂದಲೇ ಇರಬೇಕು. ಆದರೆ ಕ್ಯಾಲಿಫೋರ್ನಿಯಾದ ರೋಸೆಂಥಾಲ್ ಕಾನೂನು ತನ್ನದೇ ಸಾಲವನ್ನು ವಸೂಲಿ ಮಾಡುವವರನ್ನೂ ಸೇರಿಸುತ್ತದೆ. ಬ್ಯಾಂಕ್, ಕಾರ್ ಲೋನ್ ಕಂಪನಿ, ಏಜೆನ್ಸಿ, ಎಲ್ಲರೂ ಬರುತ್ತಾರೆ. ಸ್ವಂತಕ್ಕೆ ಅಥವಾ ಮನೆ ಖರ್ಚಿಗೆ ತೆಗೆದ ಸಾಲಕ್ಕೆ ಇದು ಅನ್ವಯಿಸುತ್ತದೆ.

ಬೆಳಿಗ್ಗೆ 8ಕ್ಕೆ ಮುಂಚೆ, ರಾತ್ರಿ 9ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಜೈಲಿಗೆ ಹಾಕಿಸ್ತೀವಿ ಅನ್ನುವುದು ಕೂಡ ತಪ್ಪು. ಕರೆ ನಿಲ್ಲಿಸಿ ಅಂತ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಸಾಲ ಮಾತ್ರ ಹಾಗೇ ಉಳಿಯುತ್ತದೆ, ಅವರು ಕೋರ್ಟಿಗೆ ಹೋಗಬಹುದು.

ಒಂದು ವ್ಯತ್ಯಾಸ ಗೊತ್ತಿರಲಿ. ಸಾಲ ನಿಜವೇ ಅಂತ 30 ದಿನದೊಳಗೆ ಪುರಾವೆ ಕೇಳುವ ಫೆಡರಲ್ ಹಕ್ಕು ಏಜೆನ್ಸಿಯ ಮೇಲಷ್ಟೇ ಇರುವುದು, ಬ್ಯಾಂಕಿನ ಮೇಲಲ್ಲ. ಬ್ಯಾಂಕ್ ಬೇಕಂತಲೇ ರೋಸೆಂಥಾಲ್ ಕಾನೂನು ಮುರಿದರೆ ನಿಮಗೆ 100ರಿಂದ 1,000 ಡಾಲರ್ ದಂಡ ಸಿಗಬಹುದು, ಆದರೆ ಒಂದು ವರ್ಷದೊಳಗೆ ದಾವೆ ಹೂಡಬೇಕು. ಹಾಗಾಗಿ ಕರೆಗಳ ದಿನಾಂಕ, ಸಮಯ ಇವತ್ತಿನಿಂದಲೇ ಬರೆದಿಡಿ.