ಅಪ್ಪ ಮಸಾಲೆಯ ಲೆಕ್ಕ ಬರೆದುಕೊಡುತ್ತಿಲ್ಲವೇ?

ನೌಕರಿ ಬಿಟ್ಟು ಮನೆಯ ಊದುಬತ್ತಿ ಕೆಲಸಕ್ಕೆ ಬರಬೇಕೇ, ಮಸಾಲೆಯ ಲೆಕ್ಕ ಬರೆದುಕೊಡಲು ಅಪ್ಪನನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಒಪ್ಪಿಸಬೇಡಿ. ನಾನು ಒಪ್ಪಿಸಿದೆ, ಅದರಿಂದಲೇ ಕೆಟ್ಟೆ.

ಮೈಸೂರಿನಲ್ಲಿ ಅಜ್ಜನ ಕಾಲದಿಂದ ನಮ್ಮದು ಮಸಾಲೆ ಬತ್ತಿಯ ಕೆಲಸ. ಡಿಇಪಿ ಎಂಬ ರಾಸಾಯನಿಕ ದ್ರಾವಕ ಬೆರೆಸಿದ ಸೆಂಟಿನಲ್ಲಿ ಅದ್ದಿ ತೆಗೆಯುವ ಬತ್ತಿಯಲ್ಲ. ಇದ್ದಿಲ ಪುಡಿ, ಅಂಟಿಗಾಗಿ ಹಾಕುವ ಜಿಗಟಿನ ಪುಡಿ, ಗಂಧ, ಲಾವಂಚ, ಕಚ್ಚೂರ, ಸಾಂಬ್ರಾಣಿ, ಜೇನು, ಹಾಲುಮಡ್ಡಿ ಎಲ್ಲವನ್ನೂ ಕಲಸಿ ಕಡ್ಡಿಗೆ ಹೊಸೆಯುವುದು. ಮೊದಲ ಮಹಾಯುದ್ಧದ ದಿನಗಳಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಗಂಧದೆಣ್ಣೆ ಬಿಟ್ಟು ಅಜ್ಜ ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಇದೆಲ್ಲ ಅಪ್ಪನಿಗೆ ಬಂದದ್ದು ಬಾಯಿಮಾತಿನಲ್ಲಿ. ನಾನು ಹಟ ಹಿಡಿದು ಗ್ರಾಂ ಲೆಕ್ಕದಲ್ಲಿ ಬರೆಸಿಕೊಂಡೆ.

ಅಪ್ಪ ಹಾಸಿಗೆ ಹಿಡಿದ ಮಳೆಗಾಲದಲ್ಲಿ ಆ ಪುಸ್ತಕ ನೋಡಿ ದೊಡ್ಡ ಆರ್ಡರಿನ ಹಿಟ್ಟು ಕಲಸಿದೆ. ತೂಕದಲ್ಲಿ ಒಂದು ಗುಂಜಿಯೂ ತಪ್ಪಿರಲಿಲ್ಲ. ಆದರೆ ಹಾಲುಮಡ್ಡಿ ಎಂಬುದು ಮರಕ್ಕೆ ಕಚ್ಚು ಹಾಕಿ ಇಳಿಸುವ ಅಂಟು, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಸಾಲೆ ಬತ್ತಿ ಮೆತ್ತಗಿರುವುದೇ ಅದರಿಂದ. ಬೇಸಿಗೆಯ ಕಿಲೋ ಬೇರೆ, ಮಳೆಗಾಲದ ಕಿಲೋ ಬೇರೆ. ಮಳೆಗಾಲದಲ್ಲಿ ನೀರೂ ತೂಗುತ್ತದೆ. ಹೊಸೆಯುವ ಹೆಂಗಸರು ಹಿಟ್ಟು ಕೈಗೆ ಹತ್ತುತ್ತಿದೆ ಎಂದರು. ಗಟ್ಟಿಯಾಗಲೆಂದು ನಾನು ಜಿಗಟು ಸುರಿದೆ. ಹಾಲುಮಡ್ಡಿಯನ್ನು ಇಳಿಸಿ ಇದ್ದಿಲು ಹೆಚ್ಚಿಸಬೇಕಿತ್ತು. ನಾನು ಅಂಟಿಗೆ ಅಂಟನ್ನೇ ಸೇರಿಸಿದ್ದೆ. ನೆರಳಿನಲ್ಲಿ ಒಣಗಿದ ಮೇಲೆ ನೋಡಲು ಚೆನ್ನಾಗಿಯೇ ಇದ್ದ ಬತ್ತಿ, ಹಚ್ಚಿದರೆ ಅರ್ಧಕ್ಕೇ ಆರುತ್ತಿತ್ತು. ಸರಕೆಲ್ಲ ವಾಪಸು ಬಂತು. ಅಜ್ಜನ ಕಾಲದ ಗಿರಾಕಿ ಮತ್ತೆ ನಮ್ಮ ಕಡೆ ಬರಲಿಲ್ಲ.

"ಮಳೆಗಾಲಕ್ಕೆ ಹಾಲುಮಡ್ಡಿ ಕಡಿಮೆ ಮಾಡಬೇಕೆಂದು ಯಾಕೆ ಬರೆಸಲಿಲ್ಲ?" ಎಂದು ಅಪ್ಪನನ್ನು ಕೇಳಿದೆ. "ಎಷ್ಟು ಕಡಿಮೆ ಎಂದು ಬರೆಸಲಿ ಮಗನೇ? ಹಿಟ್ಟು ಮುಟ್ಟಿದಾಗ ತಾನೇ ನನಗೂ ಗೊತ್ತಾಗುವುದು" ಎಂದರು.

ನಿಮ್ಮ ಅಪ್ಪ ಗುಟ್ಟು ಮುಚ್ಚಿಡುತ್ತಿದ್ದಾರೆ ಎಂದು ನೀವು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಅಂಕಿಯಲ್ಲಿ ಹೇಳಲು ಅವರಿಗೂ ಬರುವುದಿಲ್ಲ, ಅಷ್ಟೇ. ನೌಕರಿ ಬಿಡಬೇಕೇ ಎಂಬುದನ್ನು ಆಮೇಲೆ ಯೋಚಿಸಿ. ಮೊದಲು ಅವರು ಸಾಮಾನು ಕೊಳ್ಳಲು ಹೋಗುವಾಗ ಜೊತೆಗೆ ಹೋಗಿ, ರಜೆಯ ದಿನ ಕಲಸಲು ಕೇಳಿಕೊಳ್ಳಿ, ಅವರ ಪಕ್ಕದಲ್ಲಿ ಕುಳಿತು ಹಿಟ್ಟಿಗೆ ಕೈ ಹಾಕಿ. ಹೊಸೆಯುವವರ ಮಾತನ್ನು ತಳ್ಳಿಹಾಕಬೇಡಿ. ಪುಸ್ತಕ ಬೇಕೇ ಬೇಕೆಂದರೆ ನೀವೇ ಬರೆದುಕೊಳ್ಳಿ: ಯಾವ ತಿಂಗಳು, ಮಳೆಯೋ ಬಿಸಿಲೋ, ಹಾಲುಮಡ್ಡಿ ಯಾವ ಅಂಗಡಿಯದು, ಅಪ್ಪ ಏನನ್ನು ಎಷ್ಟು ಬದಲಿಸಿದರು, ಬತ್ತಿ ಎಷ್ಟು ನಿಮಿಷ ಉರಿಯಿತು.