ವಯಸ್ಕರು ಕ್ಯಾಥೊಲಿಕ್ ಆಗಲು ಏನೇನು ಬಾಯಿಪಾಠ ಬರಬೇಕು? ಪರೀಕ್ಷೆ ಇರುತ್ತದೆಯೇ?

ಪರೀಕ್ಷೆ ಇಲ್ಲ. ಈ ಈಸ್ಟರ್‌ಗೇ ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಮ್, ಆಗಬೇಕು, ಅಷ್ಟರೊಳಗೆ ಮೂಲ ನಂಬಿಕೆಗಳನ್ನೆಲ್ಲ ಕಲಿತು ಮುಗಿಸುವುದು ಹೇಗೆ ಎಂದು ಕೇಳಿದ್ದೀರಿ. ಕಲಿತು ಮುಗಿಸುವುದು ಎಂಬ ಮಾತು ಓದಿದಾಗಲೇ ನಿಮಗೆ ಉತ್ತರ ಬರೆಯಬೇಕು ಅನಿಸಿತು. ನಾನೂ ಹೀಗೇ ಪಟ್ಟಿ ಹಿಡಿದು ಹೊರಟವಳು.

ನನ್ನ ಗಂಡ ಹುಟ್ಟು ಕ್ಯಾಥೊಲಿಕ್. ನನಗೆ ಜ್ಞಾನಸ್ನಾನ ಆಗಿರಲಿಲ್ಲ. ನಮ್ಮದು ರಿಜಿಸ್ಟರ್ ಮದುವೆ, ನನಗದು ಎರಡನೆಯದು. ಭಾನುವಾರ ಅವರ ಜೊತೆ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮೊದಮೊದಲು ಅವರಿಗೆ ಜೊತೆಯಾಗಲಿ ಅಂತ, ಆಮೇಲೆ ನನಗೇ ಬೇಕೆನಿಸಿ. ಪೂಜೆಯ ಶುರುವಿನಲ್ಲೇ ಇಡೀ ಸಭೆ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆಯಲ್ಲ, ಯೋಚನೆಯಲ್ಲಿ, ಮಾತಿನಲ್ಲಿ, ಕೃತಿಯಲ್ಲಿ ಮಾಡಿದ್ದರ ಜೊತೆಗೆ ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ ಸೇರಿಸಿ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಪೂಜೆ ನಡೆಸುವ ಗುರುವೂ, ಅಂದರೆ ಪಾದ್ರಿಯೂ, ಅದನ್ನೇ ಹೇಳುತ್ತಾರೆ. ಮಾಡದೆ ಬಿಟ್ಟದ್ದಕ್ಕೂ ಲೆಕ್ಕವಿದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಧರ್ಮೋಪದೇಶದ ತರಗತಿಗೆ ಸೇರಿದೆ. ವಯಸ್ಕರನ್ನು ಹಂತಹಂತವಾಗಿ, ತಿಂಗಳುಗಟ್ಟಲೆ ಸಿದ್ಧಗೊಳಿಸುವ ಕ್ರಮ ಧರ್ಮಸಭೆಯ, ಅಂದರೆ ಚರ್ಚಿನ, ಆರಂಭದ ಶತಮಾನಗಳದ್ದು. ನಡುವೆ ಮರೆಯಾಗಿದ್ದ ಅದನ್ನು 1960ರ ದಶಕದಲ್ಲಿ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಮತ್ತೆ ತರಲು ಹೇಳಿತು. ಅದರ ವಿಧಿ 1972ರಲ್ಲಿ ಬಂತು. ಅದರ ಉದ್ದೇಶವೇ ನಿಧಾನ. ನನಗೋ ನಿಧಾನವೆಂದರೆ ಆಗದು. 1992ರಲ್ಲಿ ಜಗದ್ಗುರು, ಅಂದರೆ ಪೋಪ್, ಎರಡನೇ ಜಾನ್ ಪಾಲ್ ಹೊರಡಿಸಿದ ಧರ್ಮೋಪದೇಶ ಗ್ರಂಥವನ್ನೇ ತಂದಿಟ್ಟುಕೊಂಡೆ. ನಾಲ್ಕು ಭಾಗ, 2865 ಪರಿಚ್ಛೇದ. ಬಣ್ಣಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ. ಏಳು ಸಂಸ್ಕಾರಗಳನ್ನು ಕ್ರಮವಾಗಿ ಹೇಳಬಲ್ಲೆ: ಜ್ಞಾನಸ್ನಾನ, ದೃಢೀಕರಣ, ಪರಮ ಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ. ಬೈಬಲ್‌ನಲ್ಲಿ 73 ಪುಸ್ತಕ. ಜಪಮಾಲೆ ಹಿಡಿದು ಧ್ಯಾನಿಸುವ ಘಟನೆಗಳು, ಅಂದರೆ ರಹಸ್ಯಗಳು, ಮೊದಲು 15, 2002ರಿಂದ 20. ಅಮಲೋದ್ಭವ ಎಂದರೆ ಯೇಸು ಕನ್ಯೆಯಲ್ಲಿ ಹುಟ್ಟಿದ ವಿಷಯ ಎಂದು ತರಗತಿಯಲ್ಲಿ ಯಾರೋ ಹೇಳಿದಾಗ ಕೈ ಎತ್ತಿ ತಿದ್ದಿದೆ: ಅದು ಯೇಸುವಿನ ತಾಯಿ ಮರಿಯಳ ಬಗ್ಗೆ, ಆಕೆಯ ತಾಯಿಯ ಗರ್ಭದಲ್ಲಿ ಮೂಡಿದ ಗಳಿಗೆಯಿಂದಲೇ ಆಕೆಗೆ ಜನ್ಮಪಾಪ ತಗುಲಲಿಲ್ಲ ಎಂಬುದು, 1854ರಲ್ಲಿ ಜಗದ್ಗುರು ಒಂಬತ್ತನೇ ಪಯಸ್ ಘೋಷಿಸಿದ್ದು. ಅಬ್ಬ, ಎಂಥ ಜಂಬ ಆಗ ನನಗೆ.

ಇಷ್ಟೆಲ್ಲ ಓದಿದವಳ ಕಣ್ಣಿಗೆ ಪಕ್ಕದಲ್ಲೇ ಇದ್ದದ್ದು ಕಾಣಲಿಲ್ಲ. ಪೂಜೆಯಲ್ಲಿ ರೊಟ್ಟಿ ಹಂಚುವ ಪರಮ ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿನಲ್ಲಿ ಹೋದರೆ ನನ್ನ ಗಂಡ ಮಾತ್ರ ನನ್ನ ಜೊತೆ ಕೂತೇ ಇರುತ್ತಿದ್ದರು. ಪಾಪ, ನಾನೊಬ್ಬಳೇ ಆಗುತ್ತೇನೆ ಅಂತ ಕೂರುತ್ತಾರೆ ಎಂದುಕೊಂಡಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಇದನ್ನು ತರಗತಿಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ.

ಸೇರುವಾಗ ಒಂದು ಫಾರ್ಮ್ ಕೊಟ್ಟಿದ್ದರು. ಅದರಲ್ಲಿ ಹಿಂದಿನ ಮದುವೆಗಳ ವಿವರಕ್ಕೆ ಒಂದು ಕಾಲಮ್ ಇತ್ತು. ನಾನು ಖಾಲಿ ಬಿಟ್ಟೆ. ಮುಚ್ಚಿಡಬೇಕೆಂಬ ಉದ್ದೇಶವಿರಲಿಲ್ಲ. ನನ್ನ ತರ್ಕ ಹೀಗಿತ್ತು: ಮೊದಲ ಮದುವೆ ಚರ್ಚಿನಲ್ಲಿ ಆದದ್ದಲ್ಲ. ಆಗ ನಾನೂ ಕ್ರೈಸ್ತಳಲ್ಲ, ಆತನೂ ಅಲ್ಲ. ಕೋರ್ಟಿನಲ್ಲಿ ವಿಚ್ಛೇದನ ಆಗಿ ವರ್ಷಗಳಾಗಿವೆ, ಆತನಿಗೆ ಬೇರೆ ಸಂಸಾರವೂ ಆಗಿದೆ. ಚರ್ಚಿಗೂ ಅದಕ್ಕೂ ಏನು ಸಂಬಂಧ? ಅವರ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ ತಾನೇ? ವಿವಾಹ ಸಂಸ್ಕಾರದ ಅಧ್ಯಾಯ ಓದುವಾಗಲೂ ಈ ತರ್ಕ ಅಲುಗಲಿಲ್ಲ. ಸಂಸ್ಕಾರವಾದ ಮದುವೆಗಷ್ಟೇ ಆ ನಿಯಮಗಳೆಲ್ಲ ಅಂದುಕೊಂಡು ಗೆರೆ ಎಳೆದು ಮುಂದೆ ಹೋದೆ.

ಇದು ಪೂರ್ತಿ ತಲೆಕೆಳಗು. ಕ್ಯಾಥೊಲಿಕ್ ಧರ್ಮಸಭೆಯ ಪ್ರಕಾರ ಮದುವೆ ಎಂಬುದು ಸೃಷ್ಟಿಯಲ್ಲೇ ದೇವರು ಇಟ್ಟದ್ದು, ಚರ್ಚ್ ಕಂಡುಹಿಡಿದದ್ದಲ್ಲ. ಹಾಗಾಗಿ ಜ್ಞಾನಸ್ನಾನ ಆಗದ ಇಬ್ಬರು ಮುಕ್ತ ಮನಸ್ಸಿನಿಂದ ಒಪ್ಪಿ ಮದುವೆಯಾದರೆ ಅದು ಸಂಸ್ಕಾರವಲ್ಲದಿದ್ದರೂ ನಿಜವಾದ ಮದುವೆ. 1983ರ ಧರ್ಮಸಭಾ ಕಾನೂನಿನ 1060ನೇ ವಿಧಿ, ಅನುಮಾನವಿದ್ದರೆ ಮದುವೆ ಸಿಂಧು ಎಂದೇ ಹಿಡಿಯಬೇಕು ಅನ್ನುತ್ತದೆ. ಇಲ್ಲ ಎನ್ನುವವರು ಸಾಬೀತು ಮಾಡಬೇಕು. 1085ನೇ ವಿಧಿ, ಹಿಂದಿನ ಬಂಧನ ಇರುವಾಗ ಮಾಡಿಕೊಂಡ ಇನ್ನೊಂದು ಮದುವೆ ಅಸಿಂಧು ಅನ್ನುತ್ತದೆ. ಕೋರ್ಟಿನ ವಿಚ್ಛೇದನ ಈ ಬಂಧನವನ್ನು ಬಿಚ್ಚುವುದಿಲ್ಲ. ಅಂದರೆ ಚರ್ಚಿನ ಕಣ್ಣಿನಲ್ಲಿ ನಾನು ಇನ್ನೂ ಮೊದಲ ಗಂಡನ ಹೆಂಡತಿ! ನನ್ನ ಎರಡನೇ ಮದುವೆಗೆ ಅಲ್ಲಿ ನೆಲೆಯೇ ಇರಲಿಲ್ಲ. ನನ್ನ ಗಂಡ ಕ್ಯಾಥೊಲಿಕ್ ಆಗಿ ಚರ್ಚಿನ ವಿಧಿಯಿಲ್ಲದೆ ಮದುವೆಯಾದದ್ದು ಅದರ ಮೇಲೊಂದು ತೊಡಕು. ಅದಕ್ಕೇ ಅವರು ಪರಮ ಪ್ರಸಾದಕ್ಕೆ ಹೋಗುತ್ತಿರಲಿಲ್ಲ. ನನ್ನ ಮೇಲೆ ಒತ್ತಾಯ ಹೇರಿದಂತಾಗುತ್ತದೆ ಅಂತ ಬಾಯಿ ಬಿಟ್ಟಿರಲಿಲ್ಲ. ನಾನು ಎಲ್ಲವನ್ನೂ ಗುರುಗಳಿಗೆ ಹೇಳಿದ್ದೇನೆ ಎಂದು ಅವರು ನಂಬಿದ್ದರು.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಹೊಸ್ತಿಲಲ್ಲಿ ಗುರುಗಳು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ನಂಬಿಕೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಖಾಲಿ ಕಾಲಮ್ ತೋರಿಸಿ ಇದೇನಮ್ಮ ಅಂದರು. ಸಲೀಸಾಗಿ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

ನಮ್ಮಂಥವರಿಗೆ ದಾರಿ ಇದೆ, ಅದು ಸಂತ ಪೌಲರ ಕಾಲದ್ದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯದಲ್ಲಿ, ಕ್ರೈಸ್ತರಲ್ಲದ ಸಂಗಾತಿ ಬಿಟ್ಟು ಹೋದರೆ ವಿಶ್ವಾಸಿಗೆ ಬಂಧನವಿಲ್ಲ ಎಂಬರ್ಥದ ಮಾತಿದೆ. ಅದರ ಆಧಾರದ ಮೇಲೆ ನಿಂತ ಪೌಲರ ವಿಶೇಷಾಧಿಕಾರ ಎಂಬ ಕ್ರಮದಲ್ಲಿ, ಮೊದಲ ಮದುವೆಯ ಹೊತ್ತಿಗೆ ಇಬ್ಬರಿಗೂ ಜ್ಞಾನಸ್ನಾನ ಆಗಿರದಿದ್ದರೆ, ಈಗ ಜ್ಞಾನಸ್ನಾನ ಪಡೆದವರು ಹೊಸ ಮದುವೆ ಆದ ಕ್ಷಣಕ್ಕೆ ಹಳೆಯ ಬಂಧನ ಬಿಚ್ಚಿಕೊಳ್ಳುತ್ತದೆ. ಸ್ಥಳೀಯ ಬಿಷಪರ ಮಟ್ಟದಲ್ಲೇ ಮುಗಿಯುವ ವಿಷಯ. ಕೇಳಲು ಸರಳ. ಆದರೆ ಒಬ್ಬ ಮನುಷ್ಯನಿಗೆ ಜ್ಞಾನಸ್ನಾನ ಆಗಿಲ್ಲ ಎಂದು ಸಾಬೀತು ಮಾಡುವುದು ಹೇಗೆ ಹೇಳಿ? ಆದದ್ದಕ್ಕೆ ಪ್ರಮಾಣಪತ್ರ ಸಿಗುತ್ತದೆ, ಆಗದ್ದಕ್ಕೆ ಎಲ್ಲಿಂದ ತರುವುದು? ಆತನನ್ನು ಚಿಕ್ಕಂದಿನಿಂದ ಬಲ್ಲವರ ಸಾಕ್ಷ್ಯ ಬೇಕು. ವಿಚ್ಛೇದನದ ನಂತರ ನಾನು ಮುಖ ತಿರುಗಿಸಿಕೊಂಡು ಬಂದಿದ್ದ ಮನೆಯವರನ್ನೇ ಹುಡುಕಿ ಹೋಗಿ ಕೇಳಬೇಕಾಯಿತು. ಸಾಲದ್ದಕ್ಕೆ ಆತನಿಗೆ ಎರಡು ಪ್ರಶ್ನೆ ಕೇಳುವ ವಿಧಿಯೂ ಇದೆ: ನಿನಗೂ ಜ್ಞಾನಸ್ನಾನ ಬೇಕೆ, ಬೇಡವಾದರೆ ದೇವರಿಗೆ ಅವಮಾನವಾಗದಂತೆ ಇವಳ ಜೊತೆ ಶಾಂತಿಯಿಂದ ಬಾಳಲು ಒಪ್ಪುತ್ತೀಯಾ? ಬೇರೆ ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ಈ ಪ್ರಶ್ನೆ! ಕೇಳಿ ಫಲವಿಲ್ಲ ಎಂದು ಸ್ಪಷ್ಟವಾದರೆ ಬಿಷಪರು ವಿನಾಯಿತಿ ಕೊಡಬಹುದು. ನಮಗೆ ಕೊನೆಗೆ ಕೊಟ್ಟರು. ಆದರೆ ಫಲವಿಲ್ಲ ಎನ್ನುವುದಕ್ಕೂ ಕಾಗದ ಬೇಕು.

ಹೀಗೆ ಆ ಈಸ್ಟರ್ ನನ್ನ ಕೈ ತಪ್ಪಿತು. ಈಸ್ಟರ್ ಮುನ್ನಾದಿನದ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ನನ್ನ ಜೊತೆ ಕಲಿತವರೆಲ್ಲ ಸೈತಾನನನ್ನು ತ್ಯಜಿಸುತ್ತೇವೆ ಎಂದು ಉತ್ತರ ಕೊಟ್ಟು, ತಲೆಯ ಮೇಲೆ ನೀರು ಸುರಿಸಿಕೊಂಡು, ದೃಢೀಕರಣದ ತೈಲ ಹಚ್ಚಿಸಿಕೊಂಡು, ಮೊದಲ ಪರಮ ಪ್ರಸಾದ ತೆಗೆದುಕೊಂಡರು. ಅಮಲೋದ್ಭವದ ಅರ್ಥ ತಪ್ಪು ಹೇಳಿ ನನ್ನಿಂದ ತಿದ್ದಿಸಿಕೊಂಡವರೂ ಅದರಲ್ಲಿದ್ದರು. ನಾನು ಹಿಂದಿನ ಬೆಂಚಿನಲ್ಲಿ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳೇಕೆ. ಕಾಗದಗಳು ಕೈಸೇರುವಾಗ ಇನ್ನೊಂದು ಈಸ್ಟರ್ ಕೂಡ ದಾಟಿತ್ತು. ಬಿಷಪರ ಅನುಮತಿ ಪಡೆದು ಬೇರೆ ದಿನ ಜ್ಞಾನಸ್ನಾನ, ದೃಢೀಕರಣ, ಅದರ ಹಿಂದೆಯೇ ಮದುವೆ, ಎಲ್ಲ ಒಟ್ಟಿಗೆ ಆಯಿತು. ಮೊದಲ ದಿನವೇ ಆ ಕಾಲಮ್‌ನಲ್ಲಿ ಒಂದು ಸಾಲು ಬರೆದಿದ್ದರೆ ತರಗತಿ ನಡೆಯುತ್ತಿರುವಾಗಲೇ ಕಾಗದದ ಕೆಲಸವೂ ನಡೆದುಹೋಗುತ್ತಿತ್ತು. ನನ್ನ ಗಂಡ ಅಷ್ಟು ಕಾಲ ಹೆಚ್ಚಿಗೆ ಕೂತಿರಬೇಕಾಗಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏನು ಕಲಿಯಲಿ ಎಂದು ಕೇಳುವ ಮೊದಲು ಗುರುಗಳ ಎದುರು ಕೂತು ನಿಮ್ಮ ಬದುಕನ್ನು ಹೇಳಿ. ಮದುವೆ, ವಿಚ್ಛೇದನ, ಸಂಗಾತಿಯ ಹಿಂದಿನ ಮದುವೆ, ಎಲ್ಲ. ನಿಮ್ಮ ಲೆಕ್ಕಕ್ಕೆ ಬಾರದ್ದು ಅವರ ಲೆಕ್ಕಕ್ಕೆ ಬರಬಹುದು. ಹಳೆಯ ಸಂಗಾತಿಗೆ ಎಲ್ಲೋ ಜ್ಞಾನಸ್ನಾನ ಆಗಿದ್ದರೆ ನನ್ನ ದಾರಿ ನಿಮಗಿಲ್ಲ, ಆಗ ಅರ್ಜಿ ರೋಮ್‌ವರೆಗೆ ಹೋಗಬೇಕಾಗಬಹುದು. ನಿಮಗೇ ಚಿಕ್ಕಂದಿನಲ್ಲಿ ಬೇರೆ ಕ್ರೈಸ್ತ ಪಂಗಡದಲ್ಲಿ ಪಿತ, ಸುತ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಜ್ಞಾನಸ್ನಾನ ಆಗಿದ್ದರೆ ಮತ್ತೆ ಕೊಡುವುದಿಲ್ಲ, ಅದು ಒಂದೇ ಸಲ. ಇದನ್ನೂ ಈಗಲೇ ಹೇಳಿ. ಒಂಟಿಯಾಗಿದ್ದು, ವಿಚ್ಛೇದನ ಮಾತ್ರ ಆಗಿದ್ದರೆ ಹೆದರಬೇಡಿ. ವಿಚ್ಛೇದನವೊಂದೇ ಜ್ಞಾನಸ್ನಾನಕ್ಕೆ ಅಡ್ಡಿಯಲ್ಲ.

ನಂಬಿಕೆಗಳ ಮಾತು. ಪ್ರೇಷಿತರ ವಿಶ್ವಾಸ ಸಂಗ್ರಹ ಸಾಕು, ನನ್ನ ಮಟ್ಟಿಗೆ. ಸೃಷ್ಟಿಸಿದ ತಂದೆ, ಮನುಷ್ಯನಾಗಿ ಹುಟ್ಟಿ ಸತ್ತು ಎದ್ದುಬಂದ ಮಗ, ಪವಿತ್ರಾತ್ಮ, ಧರ್ಮಸಭೆ, ಪಾಪಕ್ಷಮೆ, ದೇಹದ ಪುನರುತ್ಥಾನ, ನಿತ್ಯಜೀವ. ಒಂದೊಂದು ಸಾಲಿಗೂ ಇದು ನಿಜವಾದರೆ ನನ್ನ ಬದುಕಿನಲ್ಲಿ ಏನು ಬದಲಾಗಬೇಕು ಎಂದು ಕೇಳಿಕೊಳ್ಳಿ. ಭಾನುವಾರ ಹೇಳುವ ಉದ್ದನೆಯ ವಿಶ್ವಾಸ ಸಂಗ್ರಹ 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಿಂದ ಬಂದದ್ದು. ವಾರವಾರ ಹೇಳುತ್ತ ತಾನಾಗಿ ಬಾಯಿಗೆ ಬರುತ್ತದೆ. ಮರಿಯಳ ಬಗ್ಗೆ, ಜಗದ್ಗುರುಗಳ ಬಗ್ಗೆ ಜನ ನಿಮ್ಮನ್ನು ಕೆಣಕುತ್ತಾರೆ. ಆರಾಧನೆ ದೇವರಿಗೆ ಮಾತ್ರ, ಮರಿಯಳಿಗೂ ಸಂತರಿಗೂ ಗೌರವ, ನಮಗಾಗಿ ಪ್ರಾರ್ಥಿಸಿ ಎಂಬ ಕೋರಿಕೆ. ಜಗದ್ಗುರುಗಳ ಪ್ರತಿ ಮಾತೂ ತಪ್ಪಿಲ್ಲದ್ದು ಎಂದು ಯಾರೂ ಹೇಳುವುದಿಲ್ಲ. ನಂಬಿಕೆಯ ವಿಷಯದಲ್ಲಿ ವಿಧಿವತ್ತಾಗಿ ಘೋಷಿಸುವಾಗ ಅವರು ತಪ್ಪಲಾರರು ಎಂಬ ಬೋಧನೆ 1870ರಲ್ಲಿ ಬಂದ ಮೇಲೆ ಅದನ್ನು ವಿಧಿವತ್ತಾಗಿ ಬಳಸಿದ್ದು 1950ರಲ್ಲಿ, ಮರಿಯಳನ್ನು ದೇಹಸಮೇತ ಸ್ವರ್ಗಕ್ಕೆ ಎತ್ತಿಕೊಳ್ಳಲಾಯಿತು ಎಂದು ಘೋಷಿಸಿದಾಗ. ಇವುಗಳ ಮೇಲೆ ವಾದ ಮಾಡುತ್ತ ಕೂರಬೇಡಿ, ಸಮಯ ದಂಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಪರಮ ಪ್ರಸಾದದ ವಿಷಯಕ್ಕೆ. ರೊಟ್ಟಿ ಮತ್ತು ದ್ರಾಕ್ಷಾರಸ ನೋಟಕ್ಕೆ ರುಚಿಗೆ ಹಾಗೇ ಉಳಿದರೂ ಸತ್ವದಲ್ಲಿ ಕ್ರಿಸ್ತನ ಶರೀರ, ರಕ್ತ ಆಗುತ್ತವೆ ಎಂದು ಧರ್ಮಸಭೆ ಅಕ್ಷರಶಃ ನಂಬುತ್ತದೆ. ಸಂಕೇತ ಎಂದು ಸಮಾಧಾನ ಮಾಡಿಕೊಂಡು ಒಳಗೆ ಬರುವುದಾದರೆ ಇನ್ನೊಂದಿಷ್ಟು ಕಾಯಿರಿ ಎಂದೇ ಹೇಳುತ್ತೇನೆ. ಕಟುವಾಗಿ ಕೇಳಿಸಬಹುದು. ಆದರೆ ಇದನ್ನು ನಂಬಿದ್ದಕ್ಕೇ ತಾನೇ ನನ್ನ ಗಂಡ ವರ್ಷಗಟ್ಟಲೆ ಕೂತೇ ಇದ್ದದ್ದು? 2865 ಪರಿಚ್ಛೇದ ಓದಿದ ನನಗಿಂತ ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆಚರಣೆಗಳು ಕಷ್ಟವಲ್ಲ. ಭಾನುವಾರದ ಬಲಿಪೂಜೆ ತಪ್ಪಿಸುವಂತಿಲ್ಲ. ಪರಮ ಪ್ರಸಾದಕ್ಕೆ ಒಂದು ಗಂಟೆ ಮೊದಲು ನೀರು, ಔಷಧ ಬಿಟ್ಟು ಏನೂ ಬೇಡ. ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕು. ಬೂದಿ ಬುಧವಾರ, ಶುಭ ಶುಕ್ರವಾರ ಉಪವಾಸ. ಅದು 18ರಿಂದ 59 ವಯಸ್ಸಿನವರಿಗೆ, ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಣ್ಣ ಊಟ. ಪಾಪನಿವೇದನೆಗೆ ಜನ ಯಾಕೆ ಅಷ್ಟು ಹೆದರುತ್ತಾರೋ. ಗುರು ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಜ್ಞಾನಸ್ನಾನವೇ ಹಿಂದಿನ ಪಾಪಗಳನ್ನೆಲ್ಲ ತೊಳೆಯುವುದರಿಂದ ಹೊಸಬರು ಅದಕ್ಕೆ ಮೊದಲು ನಿವೇದನೆ ಮಾಡಬೇಕಾಗಿಯೂ ಇಲ್ಲ.

ಬಾಯಿಪಾಠಕ್ಕೆ ಪರಲೋಕ ಪ್ರಾರ್ಥನೆ, ನಮೋ ಮರಿಯ, ವಿಶ್ವಾಸ ಸಂಗ್ರಹ ಬಂದರೆ ಆಯಿತು. ಪುಸ್ತಕ ಬೇಕೇ ಬೇಕು ಎಂದರೆ ದೊಡ್ಡದನ್ನು ಬಿಡಿ. 2005ರಲ್ಲಿ ಬಂದ 598 ಪ್ರಶ್ನೋತ್ತರಗಳ ಸಂಕ್ಷಿಪ್ತ ರೂಪ ತೆಗೆದುಕೊಳ್ಳಿ, ಅದನ್ನೂ ಅರ್ಧಕ್ಕೆ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ಈಸ್ಟರ್ ಗಡುವು ಬಿಡಿ. ಅದರ ಬದಲು ಜ್ಞಾನಸ್ನಾನದಲ್ಲಿ ನಿಮ್ಮ ಜೊತೆ ನಿಲ್ಲುವ ಜ್ಞಾನ ತಾಯಿ ಅಥವಾ ಜ್ಞಾನ ತಂದೆಯನ್ನು ಹುಡುಕಲು ಈಗಿನಿಂದಲೇ ಓಡಾಡಿ. 16 ತುಂಬಿದ, ದೃಢೀಕರಣ ಆದ, ಆಚರಣೆಯಲ್ಲಿರುವ ಕ್ಯಾಥೊಲಿಕ್ ಆಗಿರಬೇಕು, ಹೆತ್ತವರು ಆಗುವಂತಿಲ್ಲ. ಹೆಸರಿಗೊಬ್ಬರನ್ನು ನಿಲ್ಲಿಸಬೇಡಿ. ನಿಮ್ಮ ಮನೆಯ ವಿಷಯವನ್ನು ಕೂಡ ಮುಖಕ್ಕೆ ಹೊಡೆದಂತೆ ಕೇಳಬಲ್ಲವರೇ ಬೇಕು. ನನಗಂಥವರು ಮೊದಲೇ ಸಿಕ್ಕಿದ್ದರೆ ಆ ಫಾರ್ಮನ್ನು ನನ್ನ ಕೈಯಿಂದ ಕಿತ್ತುಕೊಂಡು ಓದಿರುತ್ತಿದ್ದರು.