ಎಸ್‌ಎಂಎಸ್ ಕಳಿಸುವಾಗ ಬೋರ್ಡ್ ರೀಸ್ಟಾರ್ಟ್: ವಾಚ್‌ಡಾಗ್‌ಗೆ ಎಷ್ಟು ಸೆಕೆಂಡ್ ಇಡಬೇಕು?

ಅಣ್ಣಾ, ಬೋರ್‌ವೆಲ್ ಮೋಟರ್‌ಗೆ ಆರ್ಡುಯಿನೋ ನ್ಯಾನೋ ಬೋರ್ಡ್ ಮತ್ತು ಎಸ್‌ಎಂಎಸ್ ಕಳಿಸುವ ಸಿಮ್800ಎಲ್ ಮೋಡೆಮ್ ಹಾಕಿ ಕಂಟ್ರೋಲರ್ ಮಾಡಿದ್ದೀರಿ. ವಾಚ್‌ಡಾಗ್ (ಕೋಡ್ ಸಿಕ್ಕಿಕೊಂಡು ಇಟ್ಟ ಸಮಯದೊಳಗೆ ಸುದ್ದಿ ಕೊಡದಿದ್ದರೆ ಬೋರ್ಡನ್ನು ರೀಸ್ಟಾರ್ಟ್ ಮಾಡುವ ಟೈಮರ್) 2 ಸೆಕೆಂಡ್ ಇದೆ, ಎಸ್‌ಎಂಎಸ್ ಹೋಗುವಾಗ ಬೋರ್ಡ್ ರೀಸ್ಟಾರ್ಟ್ ಆಗುತ್ತೆ, 8 ಮಾಡಲಾ ಅಂತ ಕೇಳಿದ್ದೀರಿ. ಬೇಡ, ಅದರಿಂದ ಸರಿಹೋಗಲ್ಲ.

ಮೊದಲು ವಾಚ್‌ಡಾಗ್ ಆಫ್ ಮಾಡಿ ಹತ್ತು ಎಸ್‌ಎಂಎಸ್ ಕಳಿಸಿ ನೋಡಿ. ಆಗಲೂ ರೀಸ್ಟಾರ್ಟ್ ಆದರೆ ತೊಂದರೆ ಸಪ್ಲೈನಲ್ಲಿದೆ. ಈ ಮಾಡ್ಯೂಲ್ ಸಿಗ್ನಲ್ ಕಳಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತೆ. ಪವರ್ ಪಿನ್ ಹತ್ತಿರವೇ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ.

ಸಪ್ಲೈ ಸರಿಯಿದ್ದರೆ ಕೋಡ್ ನೋಡಬೇಕು. ಎಸ್‌ಎಂಎಸ್ ಕಮಾಂಡ್‌ಗೆ ಮೋಡೆಮ್ ಉತ್ತರ ಕೊಡೋಕೆ 60 ಸೆಕೆಂಡ್‌ವರೆಗೂ ತಗೊಳ್ಳಬಹುದು. ನ್ಯಾನೋದ ವಾಚ್‌ಡಾಗ್ 8 ಸೆಕೆಂಡ್ ದಾಟಲ್ಲ. ಅಂದ್ಮೇಲೆ ಕಾಯುವ ರೀತಿಯನ್ನೇ ಬದಲಿಸಬೇಕು, ಅಲ್ವಾ? ಕಮಾಂಡ್ ಕಳಿಸಿ, ಸಮಯ ಗುರುತು ಹಾಕಿಕೊಂಡು ಲೂಪ್‌ಗೆ ವಾಪಸ್ ಬನ್ನಿ. ಪ್ರತಿ ಸುತ್ತಿನಲ್ಲೂ ಉತ್ತರ ಬಂತಾ ಅಂತ ನೋಡಿ. 60 ಸೆಕೆಂಡ್ ಆದರೂ ಬರದಿದ್ದರೆ ಬಿಟ್ಟು, ಆಮೇಲೆ ಮತ್ತೆ ಪ್ರಯತ್ನಿಸಿ.

ಕಾಯುವ ಲೂಪ್ ಒಳಗೇ ವಾಚ್‌ಡಾಗ್ ಎಣಿಕೆಯನ್ನು ಮೊದಲಿಂದ ಶುರು ಮಾಡುವ ಸಾಲು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಅಂಥದ್ದೇ ತಪ್ಪು ಮಾಡಿ, ಅದನ್ನು ಟೈಮರ್ ಇಂಟರಪ್ಟ್‌ನಲ್ಲಿ (ಮೇನ್ ಲೂಪ್ ನಿಂತರೂ ಆಗಾಗ ತಾನಾಗೇ ಓಡುವ ಕೋಡ್) ಹಾಕಿದ್ದೆ. ಗಡಿಯಾರದ ಚಿಪ್‌ನ ವೈರ್ ಸ್ಟಾರ್ಟರ್ ಪಕ್ಕದಲ್ಲೇ ಹೋಗಿತ್ತು. ಒಂದು ರಾತ್ರಿ ಆ ಚಿಪ್ ಬೋರ್ಡ್ ಜೊತೆ ಮಾತಾಡುವ ಐ2ಸಿ ಲೈನ್ ಸಿಕ್ಕಿಕೊಂಡು ಮೇನ್ ಲೂಪ್ ನಿಂತೇಹೋಯ್ತು. ಇಂಟರಪ್ಟ್ ಮಾತ್ರ ನಡೀತಾನೇ ಇತ್ತು, ಹಾಗಾಗಿ ವಾಚ್‌ಡಾಗ್‌ಗೆ ಏನೂ ಗೊತ್ತಾಗಲಿಲ್ಲ. ಬೆಳಗ್ಗೆ ಹೋದರೆ ಡಿಸ್‌ಪ್ಲೇ 9:42ಕ್ಕೆ ನಿಂತಿದೆ, ಮೋಟರ್ ಓಡ್ತಿದೆ, ಪೈಪ್‌ನಲ್ಲಿ ಬರೀ ಗಾಳಿ. ಆವತ್ತಿನಿಂದ ಆ ಸಾಲು ನನ್ನ ಕೋಡ್‌ನಲ್ಲಿ ಒಂದೇ ಕಡೆ ಇರುತ್ತೆ: ಮೇನ್ ಲೂಪ್ ಕೊನೆಯಲ್ಲಿ, ಸೆನ್ಸರ್, ಮೋಡೆಮ್, ರಿಲೇ ಮೂರರ ಕೆಲಸವೂ ಆ ಸುತ್ತಿನಲ್ಲಿ ನಡೆದಿದ್ದರೆ ಮಾತ್ರ.

ಈಗ ಟೈಮ್‌ಔಟ್. ಒಂದು ಸುತ್ತಿಗೆ ಅತಿ ಜಾಸ್ತಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆಯಿರಿ. ಎಲ್ಲಾ ಚೆನ್ನಾಗಿರುವಾಗ ಅಳೆದರೆ ಉಪಯೋಗವಿಲ್ಲ. ಸಿಮ್ ತೆಗೆದು, ಆಂಟೆನಾ ಬಿಚ್ಚಿ, ಸೆನ್ಸರ್ ವೈರ್ ಕಿತ್ತು ಅಳೆಯಿರಿ. ಡಿಎಸ್18ಬಿ20 ತಾಪಮಾನ ಸೆನ್ಸರ್ ಒಂದೇ 12 ಬಿಟ್ ರೀಡಿಂಗ್‌ಗೆ 750 ಮಿಲಿಸೆಕೆಂಡ್ ತಗೊಳ್ಳುತ್ತೆ. ಒಟ್ಟು 900 ಬಂತು ಅಂದುಕೊಳ್ಳಿ. ಎರಡು ಪಟ್ಟು ಮಾಡಿದರೆ 1.8 ಸೆಕೆಂಡ್, 2ಕ್ಕೆ ತೀರಾ ಹತ್ತಿರ. ವಾಚ್‌ಡಾಗ್ ತನ್ನದೇ 128 ಕಿಲೋಹರ್ಟ್ಸ್ ಆಸಿಲೇಟರ್ ಮೇಲೆ ಓಡುತ್ತೆ, ಬಿಸಿಲು, ವೋಲ್ಟೇಜ್‌ಗೆ ಅದು ಸ್ವಲ್ಪ ಆಚೀಚೆ ಆಗುತ್ತೆ. ಎಸ್‌ಟಿಎಂ32ಎಫ್4 ಅನ್ನೋ ಬೇರೆ ಚಿಪ್‌ನಲ್ಲಿ ಇನ್ನೂ ಜಾಸ್ತಿ: ಹೆಸರಿಗೆ 32 ಕಿಲೋಹರ್ಟ್ಸ್, ನಿಜಕ್ಕೆ 17ರಿಂದ 47ರ ಒಳಗೆ ಎಲ್ಲಾದರೂ ಇರಬಹುದು. ಅಲ್ಲಿ 4 ಸೆಕೆಂಡ್ ಅಂತ ಇಟ್ಟದ್ದು 2.7 ಆಗಬಹುದು, 7.5 ಕೂಡ ಆಗಬಹುದು.

ಆಮೇಲೆ, ಬೋರ್ಡ್ ಸಿಕ್ಕಿಕೊಂಡಾಗ ಮೋಟರ್ ಎಷ್ಟು ಹೊತ್ತು ಹೇಳೋರು ಕೇಳೋರಿಲ್ಲದೆ ಓಡಿದರೆ ನಡೆಯುತ್ತೆ ಅಂತ ಯೋಚಿಸಿ. ಬೋರ್‌ವೆಲ್‌ಗೆ ಕೆಲವು ಸೆಕೆಂಡ್ ಏನೂ ಅಲ್ಲ. ನಿಮಗೆ 4 ಸೆಕೆಂಡ್ ಇಡಿ.

ಇನ್ನೊಂದು ಮುಖ್ಯ ವಿಷಯ. ವಾಚ್‌ಡಾಗ್‌ನಿಂದ ರೀಸೆಟ್ ಆದ ಮೇಲೂ ನ್ಯಾನೋದಲ್ಲಿ ವಾಚ್‌ಡಾಗ್ ಆನ್ ಆಗೇ ಇರುತ್ತೆ, ಅದೂ 16 ಮಿಲಿಸೆಕೆಂಡ್‌ಗೆ. ಹಳೇ ಬೂಟ್‌ಲೋಡರ್ (ನಿಮ್ಮ ಕೋಡ್‌ಗಿಂತ ಮೊದಲು ಓಡುವ ಚಿಕ್ಕ ಪ್ರೋಗ್ರಾಂ) ಅಷ್ಟರಲ್ಲಿ ಮುಗಿಯಲ್ಲ, ಬೋರ್ಡ್ ರೀಸೆಟ್ ಆಗ್ತಾನೇ ಇರುತ್ತೆ. ಆಪ್ಟಿಬೂಟ್ ಅನ್ನೋ ಹೊಸ ಬೂಟ್‌ಲೋಡರ್ ಹಾಕಿಕೊಳ್ಳಿ.

ಸ್ಟಾರ್ಟ್ ಆದ ತಕ್ಷಣ ರಿಲೇ ಆಫ್ ಇರಲಿ, ಮೋಟರ್ ಹಾಕೋಕೆ ಐದು ನಿಮಿಷ ಕಾಯಲಿ. ಇಲ್ಲದಿದ್ದರೆ ಪ್ರತಿ ರೀಸೆಟ್‌ಗೂ ಕಾಂಟ್ಯಾಕ್ಟರ್ ಟಕಟಕ ಬಡಿದು ಪಾಯಿಂಟ್ ಸುಟ್ಟುಹೋಗುತ್ತೆ. ರೀಸೆಟ್ ಎಣಿಕೆ ಈಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಬರೆದಿಡಿ. ಒಂದು ಗಂಟೆ ಸರಿಯಾಗಿ ಓಡಿದರೆ ಅದನ್ನು ಸೊನ್ನೆ ಮಾಡಿ. ಮೂರು ಆದರೆ ಮೋಟರ್ ಮುಟ್ಟದೆ ನಿಮಗೆ ಎಸ್‌ಎಂಎಸ್ ಕಳಿಸಲಿ.

ಮೋಡೆಮ್ ಉತ್ತರಕ್ಕೆ ಕಾಯುವ ಭಾಗದ ಕೋಡ್ ಇಲ್ಲಿ ಹಾಕಿ ಅಣ್ಣಾ, ನೋಡಿ ತಿದ್ದಿಕೊಡ್ತೀನಿ.